‘ಮೆಚ್ಚಿದ್ದೇವೆ, 95 ಡಾಲರ್ ಕಳಿಸಿ’

ಓದುಗರ ಪ್ರಶ್ನೆ: ನಾನು ಮೈಸೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಆರು ವರ್ಷ ರಾತ್ರಿ ಹೊತ್ತು ಕೂತು ಕನ್ನಡದಲ್ಲಿ ಒಂದು ಫ್ಯಾಂಟಸಿ ಕಾದಂಬರಿ ಬರೆದೆ. ಸ್ವಂತ ದುಡ್ಡು ಹಾಕಿ 500 ಪ್ರತಿ ಅಚ್ಚು ಹಾಕಿಸಿದೆ. 340 ಹೋಗಿವೆ. ಓದಿದವರು ಫೋನ್ ಮಾಡಿ ಮೆಚ್ಚಿದ್ದಾರೆ, ಆದರೆ ಎಲ್ಲೂ ವಿಮರ್ಶೆ ಬಂದಿಲ್ಲ. ‘ಇದೆಲ್ಲ ಮಕ್ಕಳ ಕಥೆ ಅಲ್ವೇನಪ್ಪ’ ಅಂದರು ಹಿರಿಯ ಲೇಖಕರೊಬ್ಬರು. ಹೋದ ತಿಂಗಳು ಒಂದು ಮೇಲ್ ಬಂತು. ‘ನಿಮ್ಮ ಕಾದಂಬರಿ ನಮ್ಮ ಅಂತರರಾಷ್ಟ್ರೀಯ ಪ್ರಶಸ್ತಿಗೆ ಆಯ್ಕೆಯಾಗಿದೆ, ನಿಮ್ಮ ಕಥನ ಶೈಲಿಗೆ ಬೆರಗಾದೆವು, ಪ್ರವೇಶ ಶುಲ್ಕ 95 ಡಾಲರ್ ಕಟ್ಟಿ’ ಅಂತ. ಗೆಳೆಯನೊಬ್ಬ ಬೇರೆ ಹೇಳುತ್ತಾನೆ: ‘ಅದೆಲ್ಲ ಬಿಡು, ಹ್ಯೂಗೋಗೇ ಹಾಕು. ಅದು ಓದುಗರ ಮತದ ಪ್ರಶಸ್ತಿ. 50 ಡಾಲರ್ ಕೊಟ್ಟರೆ ಯಾರು ಬೇಕಾದರೂ ಮತ ಹಾಕಬಹುದು. ಆಫೀಸಿನಲ್ಲಿ ನೂರು ಜನ ಸೇರಿದರೆ ಆಯ್ತು.’ ನಾನೇ ಇಂಗ್ಲಿಷಿಗೆ ಅನುವಾದ ಮಾಡಿ ಕಿಂಡಲ್‌ಗೆ ಹಾಕಿಬಿಡಲಾ? ಪ್ರಶಸ್ತಿ ಇಲ್ಲದೆ ಈ ಥರದ ಬರಹಕ್ಕೆ ಬೆಲೆಯೇ ಇಲ್ವಾ? ಇನ್ನೊಂದು ಚಿಕ್ಕ ಪ್ರಶ್ನೆ: ಎರಡನೇ ಮುದ್ರಣದ ಮುಖಪುಟದಲ್ಲಿ ‘ಹ್ಯೂಗೋ ಪ್ರಶಸ್ತಿಗೆ ಅರ್ಹ ಕೃತಿ’ ಅಂತ ಹಾಕಿಕೊಳ್ಳಬಹುದಾ?

ಉತ್ತರ: ಮೊದಲು ದುಡ್ಡಿನ ವಿಷಯ ಮುಗಿಸೋಣ. 95 ಡಾಲರ್ ಕಟ್ಟಬೇಡಿ. ಆ ಮೇಲ್‌ಗೆ ಒಂದೇ ಸಾಲು ಬರೆಯಿರಿ: ‘ನಿಮ್ಮ ತೀರ್ಪುಗಾರರಲ್ಲಿ ಕನ್ನಡ ಓದುವವರು ಯಾರು?’ ನಿಮ್ಮ ಪುಸ್ತಕ ಇನ್ನೂ ಇಂಗ್ಲಿಷಿಗೆ ಬಂದಿಲ್ಲ. ಹಾಗಿದ್ದ ಮೇಲೆ ಅವರು ಬೆರಗಾದದ್ದು ಯಾವ ಶೈಲಿಗೆ? ಆನ್‌ಲೈನ್ ಅಂಗಡಿಗಳ ಪಟ್ಟಿಯಿಂದ ಹೆಸರು ಎತ್ತಿಕೊಂಡು, ಒಂದೇ ಒಕ್ಕಣೆಯನ್ನು ಸಿಕ್ಕಸಿಕ್ಕ ಲೇಖಕರಿಗೆಲ್ಲ ಕಳಿಸುವ ದಂಧೆ ಇದು.

ಪುಸ್ತಕ ಸಂಪಾದನೆ ಮತ್ತು ಅನುವಾದದ ಹಕ್ಕುಗಳ ವ್ಯವಹಾರದಲ್ಲಿ ನನಗೆ ಇಪ್ಪತ್ತೆರಡು ವರ್ಷವಾಯಿತು. ನಾವು ಪುಸ್ತಕ ಮಾಡಿಕೊಟ್ಟ ಲೇಖಕರೊಬ್ಬರು ನನಗೆ ಹೇಳದೆ ಇಂಥದ್ದೇ ಒಂದಕ್ಕೆ ದುಡ್ಡು ಕಟ್ಟಿದ್ದರು. ಮೊದಲು ಪ್ರವೇಶ ಶುಲ್ಕ. ಆಮೇಲೆ ‘ಫೈನಲಿಸ್ಟ್ ಆಗಿದ್ದೀರಿ, ಸರ್ಟಿಫಿಕೇಟ್ ಬೇಕಾದರೆ ಇಷ್ಟು’. ಆಮೇಲೆ ‘ಗೆದ್ದಿದ್ದೀರಿ, ಮುಖಪುಟಕ್ಕೆ ಅಂಟಿಸುವ ಚಿನ್ನದ ಬಣ್ಣದ ಸ್ಟಿಕ್ಕರ್ ಸುರುಳಿಗೆ ಇಷ್ಟು’. ಸಮಾರಂಭದ ಊಟಕ್ಕೆ ಬೇರೆ ಟಿಕೆಟ್. ಅವರ ವಿಜೇತರ ಪಟ್ಟಿ ತೆಗೆದು ನೋಡಿದೆ. ನೂರಕ್ಕೂ ಜಾಸ್ತಿ ವಿಭಾಗಗಳು. ಇವರು ಗೆದ್ದ ವಿಭಾಗದಲ್ಲಿ ಇದ್ದದ್ದೇ ಇವರೊಬ್ಬರು. ಸ್ಟಿಕ್ಕರ್ ಅಂಟಿಸಿದ ಕಟ್ಟುಗಳು ಮಂಗಳೂರಿನ ಒಂದು ಗೋದಾಮಿನಲ್ಲಿ ಮಳೆಗಾಲ ಕಳೆದವು. ಥಂಡಿಗೆ ಗೋಂದು ಬಿಟ್ಟು ಅರ್ಧ ಸ್ಟಿಕ್ಕರ್‌ಗಳು ಪಕ್ಕದ ಕಟ್ಟಿನಲ್ಲಿದ್ದ ಅಡುಗೆ ಪುಸ್ತಕಕ್ಕೆ ಹತ್ತಿಕೊಂಡಿದ್ದವು. ಅದರ ಒಂದು ಪ್ರತಿ ಈಗಲೂ ನನ್ನ ಕಪಾಟಿನಲ್ಲಿದೆ. ನೋಡಿದವರು ಉಪ್ಪಿನಕಾಯಿಗೆ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಿದೆ ಅಂದುಕೊಳ್ಳುತ್ತಾರೆ.

ಹಾಗಂತ ಶುಲ್ಕ ಕೇಳುವವರೆಲ್ಲ ಮೋಸಗಾರರಲ್ಲ. ಅಮೆರಿಕದ ಹೆಸರಾಂತ ಪುಲಿಟ್ಜರ್ ಪ್ರಶಸ್ತಿಗೂ ಸಣ್ಣ ಪ್ರವೇಶ ಶುಲ್ಕ ಇದೆ. ಶುಲ್ಕಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ಬೇರೆ: ತೀರ್ಪುಗಾರರ ಹೆಸರು ಬಹಿರಂಗವಾಗಿದೆಯಾ, ಎಷ್ಟು ವಿಭಾಗ ಇವೆ, ಹಿಂದೆ ಗೆದ್ದವರಲ್ಲಿ ಒಬ್ಬರಾದರೂ ನೀವು ಕೇಳಿದ ಹೆಸರಾ, ಗೆದ್ದ ಮೇಲೆ ದುಡ್ಡು ನಿಮ್ಮ ಕಡೆ ಬರುತ್ತದಾ ಅಥವಾ ನಿಮ್ಮಿಂದಲೇ ಹೋಗುತ್ತದಾ. ವೈಜ್ಞಾನಿಕ ಕಥೆ ಮತ್ತು ಫ್ಯಾಂಟಸಿಯ ದೊಡ್ಡ ಪ್ರಶಸ್ತಿಗಳಾದ ಹ್ಯೂಗೋ, ನೆಬ್ಯುಲಾ, ಲೋಕಸ್‌ಗಳಲ್ಲಿ ಲೇಖಕರು ಪ್ರವೇಶ ಶುಲ್ಕ ಕಟ್ಟುವ ಪದ್ಧತಿಯೇ ಇಲ್ಲ. ‘ಹ್ಯೂಗೋಗೆ ಹಾಕು’ ಅಂತ ನಿಮ್ಮ ಗೆಳೆಯ ಹೇಳಿದರಲ್ಲ, ಅಲ್ಲಿ ‘ಹಾಕುವುದು’ ಅನ್ನುವುದೇ ಇಲ್ಲ. ಅರ್ಜಿ ಇಲ್ಲ, ಮೂರು ಪ್ರತಿ ಲಗತ್ತಿಸುವುದಿಲ್ಲ. ಓದಿದವರು ಹೆಸರು ಸೂಚಿಸಬೇಕು, ಅಷ್ಟೇ.

ಗೆಳೆಯರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಹ್ಯೂಗೋ ಕೊಡುವುದು ಪ್ರತಿ ವರ್ಷ ಬೇರೆ ಬೇರೆ ಊರಿನಲ್ಲಿ ನಡೆಯುವ ವರ್ಲ್ಡ್‌ಕಾನ್ ಅನ್ನುವ ಸಮ್ಮೇಳನದ ಸದಸ್ಯರು. ಮೊದಲು ಕೊಟ್ಟದ್ದು 1953ರಲ್ಲಿ, ಫಿಲಡೆಲ್ಫಿಯಾದಲ್ಲಿ. ಸುಮಾರು 50 ಡಾಲರಿನ ಸದಸ್ಯತ್ವ ಪಡೆದರೆ ಮನೆಯಲ್ಲೇ ಕೂತು ಮತ ಹಾಕಬಹುದು. ಮೊದಲ ಸುತ್ತಿನಲ್ಲಿ ಒಬ್ಬೊಬ್ಬರು ಒಂದು ವಿಭಾಗಕ್ಕೆ ಐದು ಹೆಸರು ಸೂಚಿಸುತ್ತಾರೆ. ಅದರಿಂದ ಆರು ಕೃತಿಗಳು ಅಂತಿಮ ಸುತ್ತಿಗೆ ಬರುತ್ತವೆ. ಎರಡನೇ ಸುತ್ತಿನಲ್ಲಿ ಆ ಆರನ್ನು ಒಂದು, ಎರಡು, ಮೂರು ಅಂತ ಕ್ರಮವಾಗಿ ಗುರುತಿಸಬೇಕು. ಜೊತೆಗೆ ‘ಯಾರಿಗೂ ಬೇಡ’ ಅನ್ನುವ ಆಯ್ಕೆಯೂ ಇದೆ. ನಮ್ಮ ನೋಟಾ ಥರ, ಆದರೆ ಇದಕ್ಕೆ ಹಲ್ಲಿದೆ. ಅದು ಗೆದ್ದರೆ ಆ ವರ್ಷ ಆ ವಿಭಾಗದಲ್ಲಿ ಪ್ರಶಸ್ತಿಯೇ ಇಲ್ಲ.

ನೂರು ಜನ ಸೇರಿಸುವ ಐಡಿಯಾ ಹೊಸದೇನಲ್ಲ. 2015ರಲ್ಲಿ ಎರಡು ಗುಂಪುಗಳು ‘ಇದೇ ಪಟ್ಟಿಗೆ ನಾಮಿನೇಷನ್ ಹಾಕಿ’ ಅಂತ ಬೆಂಬಲಿಗರನ್ನು ಹೊರಡಿಸಿದವು. ಮೊದಲ ಸುತ್ತಿನಲ್ಲಿ ಎಷ್ಟೋ ವಿಭಾಗಗಳು ಅವರ ಕೈಗೆ ಹೋದವು. ಉಳಿದ ಓದುಗರಿಗೆ ರೋಷ ಬಂತು. ಅಂತಿಮ ಸುತ್ತಿನಲ್ಲಿ ಐದು ವಿಭಾಗಗಳಲ್ಲಿ ‘ಯಾರಿಗೂ ಬೇಡ’ ಗೆದ್ದಿತು. ಆಮೇಲೆ ನಿಯಮವನ್ನೇ ಬದಲಾಯಿಸಿದರು. 2017ರಿಂದ ಒಬ್ಬರು ಐದು ಹೆಸರು ಸೂಚಿಸಿದರೆ ಅವರ ಒಂದು ಪಾಯಿಂಟ್ ಐದಕ್ಕೂ ಹಂಚಿಹೋಗುತ್ತದೆ. ಎಲ್ಲರೂ ಒಂದೇ ಪಟ್ಟಿಯನ್ನು ನಕಲು ಮಾಡಿ ಹಾಕಿದರೆ ಅದರ ಬಲ ತಾನಾಗಿ ಕುಗ್ಗುತ್ತದೆ.

2024ರದ್ದು ಇನ್ನೂ ಮಜವಾಗಿದೆ. ಆ ವರ್ಷ ವರ್ಲ್ಡ್‌ಕಾನ್ ನಡೆದ ಗ್ಲಾಸ್ಗೋದಲ್ಲಿ ಎಣಿಸುವವರು 377 ಮತಗಳನ್ನು ತೆಗೆದುಹಾಕಿದರು. ಒಟ್ಟು ಮತದಲ್ಲಿ ಹತ್ತರಲ್ಲಿ ಒಂದು ಪಾಲು. ಅನುಮಾನ ಹೇಗೆ ಬಂತು ಗೊತ್ತಾ? ಒಂದಷ್ಟು ಮತದಾರರ ಸರ್‌ನೇಮ್‌ಗಳೆಲ್ಲ ಒಂದೇ ಥರ, ಮೊದಲ ಅಕ್ಷರ ಮಾತ್ರ ವರ್ಣಮಾಲೆಯ ಪ್ರಕಾರ ಬದಲಾಗುತ್ತಾ ಹೋಗಿತ್ತು. ಇನ್ನೊಂದಷ್ಟು ಮತದಾರರ ಹೆಸರುಗಳು ಸಾಲಾಗಿ ಬರುವ ಅಂಕಿಗಳ ಅನುವಾದ. ನಮ್ಮಲ್ಲಿ ‘ಒಂದಪ್ಪ, ಎರಡಪ್ಪ, ಮೂರಪ್ಪ’ ಅಂತ ಮತದಾರರ ಪಟ್ಟಿ ಮಾಡಿದ ಹಾಗೆ. ಆ ಮತಗಳೆಲ್ಲ ಒಬ್ಬ ಸ್ಪರ್ಧಿಯ ಕಡೆಗಿದ್ದವು. ಆ ಸ್ಪರ್ಧಿಗೆ ಇದು ಗೊತ್ತಿತ್ತು ಅನ್ನುವುದಕ್ಕೆ ಆಧಾರವಿಲ್ಲ ಅಂತ ಆಯೋಜಕರು ಹೇಳಿದರು, ಹೆಸರನ್ನೂ ಹೊರಗೆ ಬಿಡಲಿಲ್ಲ. ನಿಮ್ಮ ಹೆಸರಿಗೆ ಹಾಗಾದರೆ? ಪುಸ್ತಕ ಓದದ ನೂರು ಸಹೋದ್ಯೋಗಿಗಳು ಒಂದೇ ವಾರದಲ್ಲಿ ಸದಸ್ಯರಾದರೆ ಎಣಿಸುವವರ ಕಣ್ಣಿಗೆ ಬೀಳದೆ ಇರುವುದಿಲ್ಲ. ಐದು ಸಾವಿರ ಡಾಲರ್ ಖರ್ಚು ಮಾಡಿ ಹೆಸರು ಕೆಡಿಸಿಕೊಳ್ಳುವ ದಾರಿ ಇದು. ಮತ್ತೆ ಹ್ಯೂಗೋದಲ್ಲಿ ನಗದು ಬಹುಮಾನ ಇಲ್ಲ. ಕೊಡುವುದು ಬೆಳ್ಳಿ ಬಣ್ಣದ ಒಂದು ರಾಕೆಟ್ಟು, ವರ್ಷಕ್ಕೊಂದು ಹೊಸ ವಿನ್ಯಾಸದ ಪೀಠದ ಮೇಲೆ.

ಮತದಾರರು ಸರಿಯಿದ್ದೂ ಆಯೋಜಕರೇ ಎಡವಿದ್ದೂ ಉಂಟು. 2023ರಲ್ಲಿ ಚೀನಾದ ಚೆಂಗ್ಡುವಿನಲ್ಲಿ ನಡೆದ ವರ್ಲ್ಡ್‌ಕಾನ್‌ನಲ್ಲಿ ಆರ್. ಎಫ್. ಕ್ವಾಂಗ್ ಅವರ ‘ಬೇಬಲ್’ ಕಾದಂಬರಿಗೆ ಬೇಕಾದಷ್ಟು ನಾಮಿನೇಷನ್ ಬಂದಿತ್ತು. ಕಾರಣ ಕೊಡದೆ ‘ಅನರ್ಹ’ ಅಂತ ತೆಗೆದುಹಾಕಿದರು. ಅದು ಹೊರಗೆ ಬಂದದ್ದು 2024ರ ಜನವರಿಯಲ್ಲಿ, ಅಂಕಿಅಂಶ ಪ್ರಕಟವಾದಾಗ. ದೊಡ್ಡ ಗಲಾಟೆಯಾಯಿತು. ಅದೇ ಕಾದಂಬರಿಗೆ ಅಷ್ಟರಲ್ಲಾಗಲೇ ನೆಬ್ಯುಲಾ ಬಂದಿತ್ತು. ವಶೀಲಿ, ಅಂಜಿಕೆ, ಎಡವಟ್ಟು ಎಲ್ಲ ಅಲ್ಲೂ ಇದೆ. ವ್ಯತ್ಯಾಸ ಏನೆಂದರೆ ಅಲ್ಲಿ ಮತಗಳ ಲೆಕ್ಕ ಪ್ರಕಟ ಮಾಡಲೇಬೇಕು, ಅದನ್ನು ಸಾಲು ಸಾಲು ಓದುವ ಓದುಗರೂ ಇದ್ದಾರೆ.

ಈಗ ನಿಮ್ಮ ನಿಜವಾದ ಸಂಕಟಕ್ಕೆ ಬರುತ್ತೇನೆ. ‘ಮಕ್ಕಳ ಕಥೆ’ ಅನ್ನುವ ಮಾತು ನಿಮ್ಮನ್ನು ಚುಚ್ಚಿದೆ. ಅಮೆರಿಕದಲ್ಲೂ ಇದೇ ಮಾತು ಇತ್ತು. ದೊಡ್ಡ ಸಾಹಿತ್ಯ ಪ್ರಶಸ್ತಿಗಳು ಈ ಬರಹದ ಕಡೆ ತಿರುಗಿ ನೋಡುತ್ತಿರಲಿಲ್ಲ. ಅದಕ್ಕೇ ಅವರು ಕಾಯುವುದು ಬಿಟ್ಟು ತಮ್ಮದೇ ಪ್ರಶಸ್ತಿ ಕಟ್ಟಿಕೊಂಡರು. ಓದುಗರು ಹ್ಯೂಗೋ ಶುರು ಮಾಡಿದರು. 1965ರಲ್ಲಿ ಲೇಖಕರು ಸಂಘ ಕಟ್ಟಿ ನೆಬ್ಯುಲಾ ಶುರು ಮಾಡಿದರು, ಅಲ್ಲಿ ಮತ ಹಾಕುವವರೂ ಲೇಖಕರೇ. ಅಂದರೆ ಇವು ಮೇಲಿನಿಂದ ಬಂದ ಮನ್ನಣೆ ಅಲ್ಲ, ಒಂದೇ ರುಚಿಯ ಜನ ತಮ್ಮೊಳಗೆ ‘ಈ ವರ್ಷ ಇದನ್ನು ಓದಿ’ ಅಂತ ಹೇಳಿಕೊಳ್ಳುವ ರೀತಿ. ಪ್ರಶಸ್ತಿ ಬರುವ ಮೊದಲೇ ಅಲ್ಲಿ ಓದುವ ಬಳಗ ಇರಬೇಕು.

ಅಮೆರಿಕದ ಲೇಖಕಿ ಎನ್. ಕೆ. ಜೆಮಿಸಿನ್ ಅವರನ್ನು ನೋಡಿ. ಮೊದಲ ಕಾದಂಬರಿ 2010ರಲ್ಲಿ ಬಂತು. ಹ್ಯೂಗೋ, ನೆಬ್ಯುಲಾ ಎರಡರಲ್ಲೂ ಅಂತಿಮ ಸುತ್ತಿಗೆ ಹೋಗಿ ಸೋತಿತು. ಕೌನ್ಸೆಲಿಂಗ್ ಕೆಲಸ ಮಾಡುತ್ತಲೇ ಬರೆದರು. 2016ರಲ್ಲಿ ‘ದಿ ಫಿಫ್ತ್ ಸೀಸನ್’ ಕಾದಂಬರಿಗೆ ಹ್ಯೂಗೋ ಬಂತು. ಆ ವಿಭಾಗದಲ್ಲಿ ಗೆದ್ದ ಮೊದಲ ಕಪ್ಪು ಲೇಖಕಿ ಅವರು. ಅದೇ ಸರಣಿಯ ಮುಂದಿನ ಎರಡು ಕಾದಂಬರಿಗಳಿಗೆ 2017ರಲ್ಲೂ 2018ರಲ್ಲೂ ಬಂತು. ಕಾದಂಬರಿ ವಿಭಾಗದಲ್ಲಿ ಸತತ ಮೂರು ವರ್ಷ ಬೇರೆ ಯಾರಿಗೂ ಬಂದಿರಲಿಲ್ಲ. ಆದರೆ ನಾನು ನಿಮಗೆ ತೋರಿಸಬೇಕೆಂದಿರುವುದು 2016ರ ಮೇ ತಿಂಗಳು. ಪ್ರಶಸ್ತಿ ಬಂದದ್ದು ಆಗಸ್ಟ್‌ನಲ್ಲಿ. ಅದಕ್ಕೆ ಮೂರು ತಿಂಗಳು ಮೊದಲೇ ಅವರು ಪೇಟ್ರಿಯಾನ್ ಅನ್ನುವ ಜಾಲತಾಣದಲ್ಲಿ ‘ತಿಂಗಳಿಗೆ ಇಷ್ಟಿಷ್ಟು ಕೊಡುತ್ತೀರಾ, ಕೆಲಸ ಬಿಟ್ಟು ಬರೆಯುತ್ತೇನೆ’ ಅಂತ ಓದುಗರನ್ನು ಕೇಳಿದ್ದರು. ಓದುಗರು ಕೊಟ್ಟರು. ಅವರನ್ನು ಪೂರ್ಣಾವಧಿ ಲೇಖಕಿ ಮಾಡಿದ್ದು ಆ ಚಿಲ್ಲರೆ ಡಾಲರ್‌ಗಳು. ರಾಕೆಟ್ ಆಮೇಲೆ ಬಂತು.

ಉಲ್ಟಾ ಉದಾಹರಣೆಯೂ ಇದೆ. ಅಮೆರಿಕದ ಇನ್ನೊಬ್ಬ ಲೇಖಕಿ ಆಕ್ಟೇವಿಯಾ ಬಟ್ಲರ್ ಅವರ ಕಥೆಗಳಿಗೆ ಹ್ಯೂಗೋ ಬಂತು, ಒಂದು ಕಾದಂಬರಿಗೆ ನೆಬ್ಯುಲಾ ಬಂತು, ಅಲ್ಲಿನ ಪ್ರತಿಷ್ಠಿತ ಮ್ಯಾಕ್‌ಆರ್ಥರ್ ಫೆಲೋಶಿಪ್ಪೂ ಬಂತು. ಕಾದಂಬರಿಗೆ ಹ್ಯೂಗೋ ಮಾತ್ರ ಬರಲೇ ಇಲ್ಲ. ತನ್ನ ಪುಸ್ತಕ ಬೆಸ್ಟ್‌ಸೆಲ್ಲರ್ ಪಟ್ಟಿಗೆ ಹೋಗುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ತಾನೇ ತನಗೆ ಬರೆದುಕೊಂಡಿದ್ದರು. 1993ರಲ್ಲಿ ಬಂದ ಅವರ ಕಾದಂಬರಿಯೊಂದು ನ್ಯೂಯಾರ್ಕ್ ಟೈಮ್ಸ್ ಪಟ್ಟಿಗೆ ಹೋದದ್ದು 2020ರಲ್ಲಿ. ಅವರು ತೀರಿಕೊಂಡು 14 ವರ್ಷವಾಗಿತ್ತು.

ಅದೃಷ್ಟದ ಪಾಲೂ ಇದೆ, ಅದನ್ನು ಮುಚ್ಚಿಡಬಾರದು. ಚೀನಾದ ಲಿಯು ಸಿಶಿನ್ ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರ್ ಆಗಿದ್ದವರು. ಅವರ ‘ತ್ರೀ-ಬಾಡಿ ಪ್ರಾಬ್ಲಮ್’ 2006ರಲ್ಲಿ ಒಂದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಕೆನ್ ಲಿಯು ಮಾಡಿದ ಇಂಗ್ಲಿಷ್ ಅನುವಾದ ಬಂದದ್ದು 2014ರಲ್ಲಿ. 2015ರ ಹ್ಯೂಗೋ ಅಂತಿಮ ಪಟ್ಟಿಯಲ್ಲಿ ಮೊದಲಿಗೆ ಅದರ ಹೆಸರೇ ಇರಲಿಲ್ಲ! ನಾನು ಮೇಲೆ ಹೇಳಿದ ಪಟ್ಟಿ ಗಲಾಟೆಯ ವರ್ಷವೇ ಅದು. ಮಾರ್ಕೋ ಕ್ಲೂಸ್ ಅನ್ನುವ ಲೇಖಕ ‘ಗುಂಪಿನ ಮತದಿಂದ ಬಂದ ಜಾಗ ನನಗೆ ಬೇಡ’ ಎಂದು ಹಿಂದೆ ಸರಿದರು. ಆ ಖಾಲಿ ಜಾಗಕ್ಕೆ ಈ ಕಾದಂಬರಿ ಬಂತು, ಗೆದ್ದಿತು. ಅನುವಾದಗೊಂಡ ಕಾದಂಬರಿಗೆ ಹ್ಯೂಗೋ ಬಂದದ್ದು ಅದೇ ಮೊದಲು. ಇನ್ನೊಬ್ಬರ ಸ್ವಾಭಿಮಾನ ಇವರ ಅದೃಷ್ಟವಾಯಿತು.

ಇದರಲ್ಲಿ ನಿಮಗೆ ಬೇಕಾದ ವಿಷಯ ಅನುವಾದದ್ದು. ನಿಯಮದ ಪ್ರಕಾರ ಕನ್ನಡ ಕಾದಂಬರಿಯೂ ಹ್ಯೂಗೋಗೆ ಅರ್ಹವೇ, ಭಾಷೆಯ ಅಡ್ಡಿ ಇಲ್ಲ. ಆದರೆ ಮತ ಹಾಕುವವರಿಗೆ ಓದಲು ಬರಬೇಕಲ್ಲ. ಚೆಂಗ್ಡುವಿನಲ್ಲಿ ಒಂದು ಚೀನೀ ಕಥೆ ಗೆದ್ದದ್ದು ಅಲ್ಲಿ ಚೀನೀ ಓದುಗರೇ ಸಾಲುಗಟ್ಟಿ ಇದ್ದುದರಿಂದ. ಬೇರೆ ಭಾಷೆಯ ಕೃತಿಗೆ ಒಂದು ಅನುಕೂಲವಿದೆ: ಇಂಗ್ಲಿಷ್ ಅನುವಾದ ಮೊದಲು ಬಂದ ವರ್ಷ ಮತ್ತೊಮ್ಮೆ ಅವಕಾಶ ಸಿಗುತ್ತದೆ. ಒಂದೇ ವರ್ಷ.

ಕಿಂಡಲ್ ಐಡಿಯಾದ ಅಪಾಯ ಇರುವುದು ಇಲ್ಲೇ. ಇದನ್ನು ಯಾರೂ ಹೇಳುವುದಿಲ್ಲ. ನೀವೇ ಅವಸರದಲ್ಲಿ ಅನುವಾದ ಮಾಡಿ ನವೆಂಬರ್‌ನಲ್ಲಿ ಹಾಕಿಬಿಟ್ಟಿರಿ ಅಂತಿಟ್ಟುಕೊಳ್ಳಿ. ಆ ಒಂದು ವರ್ಷದ ಅವಕಾಶದ ಗಡಿಯಾರ ಅಲ್ಲೇ ಶುರುವಾಗಿ ಡಿಸೆಂಬರ್ 31ಕ್ಕೆ ನಿಲ್ಲುತ್ತದೆ. ಓದಿದವರು ಹತ್ತು ಜನ. ಮೂರು ವರ್ಷದ ಮೇಲೆ ಒಳ್ಳೆಯ ಅನುವಾದಕರು, ಒಳ್ಳೆಯ ಪ್ರಕಾಶಕರು ಸಿಕ್ಕಿದರೂ ಅದು ‘ಮೊದಲ ಇಂಗ್ಲಿಷ್ ಪ್ರಕಟಣೆ’ ಆಗುವುದಿಲ್ಲ. ಪ್ರಕಾಶಕರೂ ಹಿಂದೇಟು ಹಾಕುತ್ತಾರೆ, ಯಾಕೆಂದರೆ ಮೊದಲ ಪ್ರಕಟಣೆಯ ಹಕ್ಕು ಖರ್ಚಾಗಿ ಹೋಗಿದೆ. ಹೊರದೇಶದ ಪ್ರಶಸ್ತಿಗಳಿಗೆ ಪುಸ್ತಕ ಎಲ್ಲಿ, ಯಾವಾಗ ಅಚ್ಚಾಯಿತು ಅನ್ನುವುದು ಬಹಳ ಮುಖ್ಯ. ಬೆಂಗಳೂರಿನ ಲಾವಣ್ಯ ಲಕ್ಷ್ಮೀನಾರಾಯಣ್ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಅವರ ಮೊದಲ ಕಾದಂಬರಿ ಇಲ್ಲಿ ಬಂದದ್ದು 2020ರಲ್ಲಿ. ಬೆಂಗಳೂರೇ ಮುಂದೊಂದು ದಿನ ‘ಅಪೆಕ್ಸ್ ಸಿಟಿ’ ಆಗಿ, ಜನರನ್ನು ಅವರ ದುಡಿಮೆಯ ಅಂಕದ ಮೇಲೆ ವಿಂಗಡಿಸುವ ಕಥೆ. 2023ರಲ್ಲಿ ಬ್ರಿಟನ್ನಿನ ಪ್ರಕಾಶಕರು ‘ದಿ ಟೆನ್ ಪರ್ಸೆಂಟ್ ಥೀಫ್’ ಅನ್ನುವ ಹೊಸ ಹೆಸರಲ್ಲಿ ತಂದ ಮೇಲಷ್ಟೇ ಅಲ್ಲಿ ವೈಜ್ಞಾನಿಕ ಕಾದಂಬರಿಗೆ ಕೊಡುವ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಗೆ ಅದು ಲೆಕ್ಕಕ್ಕೆ ಬಂತು. 2024ರಲ್ಲಿ ಅಂತಿಮ ಪಟ್ಟಿಯ ಆರರಲ್ಲಿ ಒಂದಾಯಿತು. ಆ ಪ್ರಶಸ್ತಿಯ ಮೊತ್ತ ಇಸವಿಯಷ್ಟೇ ಪೌಂಡ್, 2024ಕ್ಕೆ 2,024. ಗೆಲ್ಲಲಿಲ್ಲ. ಆದರೂ ಹಕ್ಕುಗಳ ವ್ಯವಹಾರ ಮಾಡುವ ನನ್ನಂಥವರಿಗೆ ಅಂತಿಮ ಪಟ್ಟಿಯೇ ಸಾಕು, ಆ ಹೆಸರು ಹೇಳಿದರೆ ಇನ್ನೊಂದು ದೇಶದ ಪ್ರಕಾಶಕರು ಫೋನ್ ಎತ್ತುತ್ತಾರೆ.

ಹಾಗಾದರೆ ಏನು ಮಾಡಬಹುದು? ಇಡೀ ಕಾದಂಬರಿಗೆ ಮೊದಲೇ ಕೈ ಹಾಕಬೇಡಿ. ಅದೇ ಲೋಕದ ಒಂದು ಸಣ್ಣ ಕಥೆ ಬರೆದು, ಒಬ್ಬ ಒಳ್ಳೆಯ ಅನುವಾದಕರ ಕೈಯಲ್ಲಿ ಇಂಗ್ಲಿಷಿಗೆ ತನ್ನಿ. ಸ್ಟ್ರೇಂಜ್ ಹೊರೈಜನ್ಸ್, ಕ್ಲಾರ್ಕ್ಸ್‌ವರ್ಲ್ಡ್ ಥರದ ಪತ್ರಿಕೆಗಳು ಕಥೆ ಕಳಿಸಲು ದುಡ್ಡು ಕೇಳುವುದಿಲ್ಲ, ತೆಗೆದುಕೊಂಡರೆ ಪದಕ್ಕೆ ಇಷ್ಟು ಅಂತ ಅವರೇ ಕೊಡುತ್ತಾರೆ. ಸ್ಟ್ರೇಂಜ್ ಹೊರೈಜನ್ಸ್ ಬಳಗದಲ್ಲಿ ಅನುವಾದಕ್ಕೆಂದೇ ಸಮೋವರ್ ಅನ್ನುವ ಪತ್ರಿಕೆ ಇದೆ, ಮೂಲ ಭಾಷೆಯ ಪಠ್ಯವನ್ನೂ ಜೊತೆಗೆ ಹಾಕುತ್ತಾರೆ. ಯಂತ್ರದಲ್ಲಿ ಅನುವಾದ ಮಾಡಿ ಮಾತ್ರ ಕಳಿಸಬೇಡಿ. 2023ರಲ್ಲಿ ಎಐ ಬರೆದ ಕಥೆಗಳ ಪ್ರವಾಹಕ್ಕೆ ಕ್ಲಾರ್ಕ್ಸ್‌ವರ್ಲ್ಡ್ ಸ್ವಲ್ಪ ದಿನ ಬಾಗಿಲನ್ನೇ ಹಾಕಿತ್ತು. ವಾಸನೆ ಬಂದರೂ ಸಾಕು, ಮತ್ತೆ ನಿಮ್ಮ ಹೆಸರು ತೆರೆಯುವುದಿಲ್ಲ. ಶ್ರೀಲಂಕಾದ ವಜ್ರ ಚಂದ್ರಶೇಖರ ವರ್ಷಗಟ್ಟಲೆ ಇಂಥ ಪತ್ರಿಕೆಗಳಲ್ಲಿ ಕಥೆ ಬರೆದರು. ಆಮೇಲೆ 2023ರಲ್ಲಿ ಮೊದಲ ಕಾದಂಬರಿ ತಂದರು, ಅದಕ್ಕೇ ನೆಬ್ಯುಲಾ ಬಂತು. ಈ ದಾರಿಯ ಕಷ್ಟ ಏನೆಂದರೆ ತಿರಸ್ಕಾರ ಜಾಸ್ತಿ, ಕಾಯುವುದು ಜಾಸ್ತಿ. ಹತ್ತು ಕಳಿಸಿದರೆ ಹತ್ತೂ ವಾಪಸ್ ಬರಬಹುದು.

ಅನುವಾದಕರ ವಿಷಯದಲ್ಲಿ ಜಿಪುಣತನ ಬೇಡ. ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ 50,000 ಪೌಂಡ್ ಇಬ್ಬರಿಗೂ ಸಮ ಸಮ. ಅದು ಆ ಪ್ರಶಸ್ತಿಯ ನಿಯಮ. ‘ಪುಟಕ್ಕೆ ಇಷ್ಟು ಕೊಡುತ್ತೇನೆ, ಹೆಸರು ಒಳಪುಟದಲ್ಲಿ’ ಅನ್ನುವವರಿಗೆ ಒಳ್ಳೆಯ ಅನುವಾದಕರು ಸಿಗುವುದಿಲ್ಲ. ಹೆಸರು ಮುಖಪುಟದಲ್ಲಿ ಇರಲಿ, ರಾಯಲ್ಟಿಯಲ್ಲಿ ಪಾಲು ಇರಲಿ, ಎರಡನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಎರಡು ವರ್ಷದಲ್ಲಿ ಅನುವಾದ ಮುಗಿಯದಿದ್ದರೆ ಹಕ್ಕು ನಿಮಗೆ ವಾಪಸ್ ಅಂತ ಒಂದು ಸಾಲು ಸೇರಿಸಿ. ಈ ಸಾಲು ಇಲ್ಲದೆ ಹನ್ನೊಂದು ವರ್ಷ ಸಿಕ್ಕಿಹಾಕಿಕೊಂಡ ಒಂದು ಕಾದಂಬರಿಯ ಫೈಲು ಇನ್ನೂ ನನ್ನ ಮೇಜಿನ ಮೇಲಿದೆ.

ನಿಮ್ಮ ಹತ್ತಿರ ಉಳಿದ 160 ಪ್ರತಿಗಳ ಬಗ್ಗೆಯೂ ಯೋಚಿಸಿ. 95 ಡಾಲರ್ ಅಂದರೆ ಎಂಟು ಸಾವಿರ ರೂಪಾಯಿಗೂ ಜಾಸ್ತಿ. ಅಷ್ಟು ದುಡ್ಡಿಗೆ ಎಷ್ಟೋ ಪ್ರತಿಗಳನ್ನು ಅಂಚೆಯಲ್ಲಿ ಕಳಿಸಬಹುದು. ಬರೀ ಹಿರಿಯ ವಿಮರ್ಶಕರಿಗೆ ಬೇಡ, ಅವರ ಮನೆಯಲ್ಲಿ ಬಿಚ್ಚದ ಕವರ್‌ಗಳ ರಾಶಿಯೇ ಇದೆ. ಫ್ಯಾಂಟಸಿ ಓದುವ ಕಾಲೇಜು ಹುಡುಗರಿಗೆ, ಓದುಗರ ಬಳಗಗಳಿಗೆ, ಮೇಷ್ಟರುಗಳಿಗೆ ಕೊಡಿ. ಫೋನ್ ಮಾಡಿ ಮೆಚ್ಚಿದವರು ಇದ್ದಾರಲ್ಲ, ಅವರ ನಂಬರ್ ಇಟ್ಟುಕೊಂಡಿದ್ದೀರಾ? ‘ಚೆನ್ನಾಗಿದೆ’ ಅಂದವರಿಗೆ ‘ಅದನ್ನೇ ಹತ್ತು ಸಾಲು ಬರೆದುಕೊಡಿ’ ಅಂತ ಕೇಳಿ. ಮುಜುಗರ ಬೇಡ. ಹೊರಗಿನ ಪ್ರಕಾಶಕರು ಕೇಳುವ ಮೊದಲ ಪ್ರಶ್ನೆ ‘ಇದನ್ನು ಯಾರು ಓದಿದ್ದಾರೆ’ ಅನ್ನುವುದು. ಆಗ ತೋರಿಸಲು ನಿಮ್ಮ ಕೈಯಲ್ಲಿ ಅಷ್ಟಾದರೂ ಇರಬೇಕು.

ಕೊನೆಯದಾಗಿ ಮುಖಪುಟ. ‘ಹ್ಯೂಗೋಗೆ ಅರ್ಹ’ ಅಂತ ಹಾಕಿದರೆ ಸುಳ್ಳೇನಲ್ಲ. ಪುಸ್ತಕ ಬಂದ ವರ್ಷದ ಮಟ್ಟಿಗೆ ಅದು ಅರ್ಹವೇ ಆಗಿತ್ತು. ಆ ವರ್ಷ ಅಚ್ಚಾದ ಪ್ರತಿಯೊಂದು ಫ್ಯಾಂಟಸಿ ಕಾದಂಬರಿಯೂ ಹಾಗೇ ಅರ್ಹ, 18 ತುಂಬಿದವರೆಲ್ಲ ಮತದಾರರಾದ ಹಾಗೆ. ಗೊತ್ತಿಲ್ಲದವರು ಅದನ್ನು ‘ನಾಮಿನೇಟ್ ಆಗಿದೆ’ ಅಂತ ಓದುತ್ತಾರೆ, ಗೊತ್ತಿರುವವರು ನಗುತ್ತಾರೆ. ನಿಮಗೆ ಬೇಕಾಗಿರುವುದು ಆ ಗೊತ್ತಿರುವವರೇ. ಆ ಜಾಗದಲ್ಲಿ ಫೋನ್ ಮಾಡಿದವರ ಒಂದು ಸಾಲು ಹಾಕಿ.